ಬೀಗರಿಗೆ ಬೆನ್ನು ತೋರಿಸದ ಹಡಗು

ನಮ್ಮಪ್ಪ ಮಹಾಂತಯ್ಯನನ್ನು ಯಾರಾದರೂ ಹೊಗಳಿದರೆ ನನಗೆ ಮೊದಲು ಬರುವುದು ಸಿಟ್ಟು. ಹೊಗಳುವವರಿಗೇನು, ಹೊಗಳಿ ಚಹಾ ಕುಡಿದು ಎದ್ದು ಹೋಗುತ್ತಾರೆ. ಅವನ ಜೊತೆ ಏಗುವವರು ನಾವು. ರಾಯಚೂರಿನ ಗಂಜ್ ಹಿಂದಿನ ಓಣಿಯಲ್ಲಿ ಹುಟ್ಟಿ ಅದೇ ಓಣಿಗೆ ಸೊಸೆಯಾಗಿ ಹೋದವಳು ನಾನು, ಹೀಗಾಗಿ ಮದುವೆಯಾದ ಮೇಲೂ ಅಪ್ಪನ ಉಪದ್ರವ ತಪ್ಪಲಿಲ್ಲ. ಸಾಲದ್ದಕ್ಕೆ ನನ್ನ ಹೊಲಿಗೆ ಅಂಗಡಿ ಇರುವುದು ತವರುಮನೆಯ ಮುಂದಿನ ಖೋಲಿಯಲ್ಲಿ. ಅಲ್ಲಿಂದ ಕತ್ತರಿ, ಟೇಪು, ಮಷಿನ್ನಿಗೆ ಹಾಕುವ ಎಣ್ಣೆ ಎಲ್ಲವೂ ಅಪ್ಪನ ಕೈಸೇರುತ್ತವೆ, ಕೇಳಿದರೆ "ವಿಜಯಶ್ರೀ, ನಿನ್ನ ಸಾಮಾನು ನೀನ ಜ್ವಾಕಿ ಮಾಡ್ಕೋಬೇಕವ್ವ" ಎಂದು ನನಗೇ ಬುದ್ಧಿ ಹೇಳುತ್ತಾನೆ.

ಅಪ್ಪ ರೈಸ್ ಮಿಲ್ಲಿನ ಫಿಟ್ಟರ್. ಅವನ ಕಾಲದ ಮಿಲ್ಲಿನಲ್ಲಿ ಒಂದೇ ಒಂದು ದೊಡ್ಡ ಮೋಟರು, ತಲೆಯ ಮೇಲೆ ಉದ್ದಕ್ಕೆ ಒಂದು ಶಾಫ್ಟು, ಆ ಶಾಫ್ಟಿನಿಂದ ಕೆಳಗಿನ ಪ್ರತಿ ಯಂತ್ರಕ್ಕೂ ಒಂದೊಂದು ಬೆಲ್ಟು. ಬೆಲ್ಟು ಬಿಗಿಯುವುದು, ಹರಿದರೆ ಹೊಲಿಯುವುದು, ಜಾರಿದರೆ ಬೈಯುವುದು, ಇದೇ ಅವನ ಜೀವನ. ಆಮೇಲೆ ಹೊಸ ಯಂತ್ರಗಳು ಬಂದವು, ಒಂದೊಂದಕ್ಕೂ ತನ್ನದೇ ಮೋಟರು. ಮಿಲ್ಲಿನವರು ಅಪ್ಪನಿಗೆ ಶಾಲು ಹೊದಿಸಿ, ಕೈಗೆ ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಗಡಿಯಾರವನ್ನು ಅವನು ಅದೇ ವಾರ ಬಿಚ್ಚಿದ. ಇವತ್ತಿನವರೆಗೂ ಅದನ್ನು ಕೂಡಿಸಿಲ್ಲ.

ನನ್ನ ತಮ್ಮ ಉದಯಕುಮಾರ ಸಿಟಿ ಬಸ್ಸಿನ ಡ್ರೈವರ್. ಅವನ ಹೆಂಡತಿ ಕಾವ್ಯಾ ದೇವದುರ್ಗ ತಾಲ್ಲೂಕಿನ ಮಸರಕಲ್ಲಿನವಳು. ಅವಳು ಚೊಚ್ಚಿಲ ಹೆರಿಗೆಗೆಂದು ತವರಿಗೆ ಹೋಗಿ, ಹೆಣ್ಣು ಹಡೆದಳು. ನಾವೆಲ್ಲ ಕೂಸು ನೋಡಲು ಹೋದೆವು. ಕಾವ್ಯಾಳ ಅಪ್ಪ ಅಂಬರಯ್ಯ ಮೆಣಸಿನಕಾಯಿ ಬೆಳೆಯುವವರು, ಆಳು ದಪ್ಪ, ದನಿ ಅದಕ್ಕಿಂತ ದಪ್ಪ. ಬೀಗರು ಬೀಗರನ್ನು ಕಾಡದಿದ್ದರೆ ನಮ್ಮ ಕಡೆ ಮದುವೆ ಪೂರ್ತಿಯಾದಂತೆಯೇ ಅಲ್ಲ. ಅಂಬರಯ್ಯನವರು ಆ ಕೆಲಸದಲ್ಲಿ ಒಂದು ದಿನವೂ ಕಡಿಮೆ ಮಾಡಿದವರಲ್ಲ.

ಕೂಸು ನೋಡಿ ಹೊರಗೆ ಬಂದ ಅಪ್ಪ ಕಂಬಕ್ಕೆ ಆತು ಕೂತು, "ಹೆಸರು ನಮ್ಮವ್ವಂದ ಇಡೋಣು. ಗುರುಶಾಂತಮ್ಮ" ಎಂದ.

ಅಂಬರಯ್ಯ ಚಹಾದ ಬಸಿ ಕೆಳಗಿಟ್ಟರು. "ಬೀಗರ, ಈಗಿನ ಕಾಲದಾಗ ಗುರುಶಾಂತಮ್ಮ ಅಂತ ಯಾರು ಇಡ್ತಾರ್ರಿ? ಕೂಸು ದೊಡ್ಡದಾಗಿ ನಿಮಗ ಬೈತದ. ಇಶಾನ್ವಿ ಅಂತ ನಾ ಆರಿಸಿ ಇಟ್ಟೀನಿ."

"ಇಶಾನ್ವಿ? ಹತ್ತಿಬೀಜದ ಪಾಕೀಟಿನ ಮ್ಯಾಲ ಬರಿಯೋ ಹೆಸರಿದ್ದಂಗದ."

ಮಾತು ಅಲ್ಲಿಂದ ಬೆಳೆಯಿತು. ಕೂಸಿನ ತಾಯಿಯನ್ನಾಗಲಿ ತಂದೆಯನ್ನಾಗಲಿ ಯಾರೂ ಕೇಳಲಿಲ್ಲ. ಸಾಲೆಗೆ ಹಚ್ಚುವಾಗ ಬೇರೆ ಹೆಸರು ಬರೆಸಬಹುದು ಎಂದು ಉದಯ ಮೆಲ್ಲಗೆ ಹೇಳಿದರೆ ಇಬ್ಬರೂ ಅವನನ್ನು ಒಂದೇ ಸಲ ಗದರಿಸಿದರು. ತೊಟ್ಟಿಲಲ್ಲಿ ಕರೆದ ಹೆಸರೇ ಮನೆಯಲ್ಲಿ ನಿಲ್ಲುವುದು, ಅದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಅಂಬರಯ್ಯನವರ ಫೋನಿನಲ್ಲಿ ಯಾವುದೋ ದೇಶದವರು ಮೊಳದುದ್ದದ ಆಟಿಕೆ ಹಡಗಿಗೆ ಪೆಟ್ರೋಲ್ ಇಂಜಿನ್ ಕೂರಿಸಿ ಕೆರೆಯ ತುಂಬ ಓಡಿಸುವ ವಿಡಿಯೋ ಬಂತು. ಅಪ್ಪ ಬಗ್ಗಿ ನೋಡಿ, "ಇದರಾಗೇನದ, ಒಂದು ಇಂಜಿನ್ನು, ಒಂದು ಶಾಫ್ಟು" ಎಂದು ಮೂಗು ಮುರಿದ.

"ಹಂಗಾರ ಮಾಡಿ ತೋರ್ಸ್ರಿ" ಎಂದರು ಅಂಬರಯ್ಯ. "ತೊಟ್ಟಿಲ ದಿನ ನಮ್ಮೂರ ಕೆರಿ ದಾಟ್ಸ್ರಿ. ದಾಟಿದ್ರ ನಿಮ್ಮವ್ವನ ಹೆಸರು. ಇಲ್ಲಾಂದ್ರ ಇಶಾನ್ವಿ. ಆಮ್ಯಾಲ ತಕರಾರು ಇಲ್ಲ."

ಅಪ್ಪ ಒಪ್ಪಿಕೊಂಡ. ಹಡಗನ್ನು ಕಣ್ಣಾರೆ ಕಂಡವನಲ್ಲ, ಈಜು ಬರುವುದಿಲ್ಲ, ಮನೆಯಲ್ಲಿ ಒಂದು ಬಕೀಟು ನೀರು ಕಂಡರೂ ದೂರ ನಿಲ್ಲುವ ಮನುಷ್ಯ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅವನಿಗೆ ಗಬ್ಬೂರು ದಾಟುವ ತನಕ ಬೈದೆ. ಅವನು ಕಿಟಕಿಯ ಕಡೆ ಮುಖ ಮಾಡಿ ಬೆರಳಲ್ಲಿ ಗಾಳಿಯಲ್ಲೇ ಏನೋ ಗೀಚುತ್ತಿದ್ದ. ತನ್ನ ಅವ್ವನ ಹೆಸರು ಈ ಮನೆಯಲ್ಲಿ ಮತ್ತೆ ಕೇಳಬೇಕು ಎನ್ನುವ ಆಸೆ ಅವನಿಗೆ ಎಷ್ಟಿತ್ತೆಂದು ನನಗೆ ಆಗ ತಿಳಿಯಿತು.

ಮರುದಿನದಿಂದ ಅಂಗಳ ಮಿಲ್ಲಾಯಿತು. ನಮ್ಮ ಹಳೆಯ ಏರ್ ಕೂಲರು ತುಕ್ಕು ಹಿಡಿದು ಮೂಲೆಯಲ್ಲಿತ್ತು. ಅದರ ತಗಡು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ ಅಪ್ಪ ಹಡಗಿನ ಮೈ ಮಾಡಿದ. ಮುಂದೆ ಚೂಪು, ಹಿಂದೆ ಅಗಲ. ಬೇಸಿಗೆಯಲ್ಲಿ ಕೂಲರ್ ಎಲ್ಲಿಂದ ತರುತ್ತೀ ಎಂದು ಅವ್ವ ಕೇಳಿದ್ದಕ್ಕೆ, ಬೇಸಿಗೆ ಇನ್ನೂ ದೂರ ಇದೆ ಎಂದ. ನಮ್ಮವ್ವ ಅಮರಮ್ಮ ಜಾಸ್ತಿ ಮಾತಾಡುವವಳಲ್ಲ. ಆ ದಿನ ಅವನ ಅನ್ನದ ಮೇಲೆ ತುಪ್ಪ ಬೀಳಲಿಲ್ಲ, ಅಷ್ಟೇ.

ಇಂಜಿನ್ ಬಂದದ್ದು ಓಣಿಯ ತುದಿಯ ಗುಜರಿ ಅಂಗಡಿಯಿಂದ. ಅಂಗಡಿ ನಡೆಸುವವಳು ಗುಲ್ಫಶಾ, ನನ್ನ ಜೊತೆ ಓದಿದವಳು, ಅವಳ ನಾಲಿಗೆಗೆ ಅಂಜದವರು ಗಂಜ್‌ನಲ್ಲಿ ಯಾರೂ ಇಲ್ಲ. ಹೊಲದಲ್ಲಿ ಕಳೆ ಕತ್ತರಿಸುವ, ಹೆಗಲಿಗೆ ಹಾಕಿಕೊಳ್ಳುವ ಮಷಿನ್ನಿನ ಇಂಜಿನ್ ಒಂದನ್ನು ಅವಳು ಕೊಟ್ಟಳು. "ಚಾಚಾ, ಇದು ನೀರಿಗೆ ಬಿದ್ರ ನಾ ವಾಪಸ್ ತಗೊಳ್ಳಂಗಿಲ್ಲ, ಮೊದಲ ಹೇಳಾಕತ್ತೀನಿ" ಎಂದು ಹೇಳಿ, ಒಂದು ಉಕ್ಕಿನ ಸರಳನ್ನೂ ಹಿತ್ತಾಳೆ ಕೊಳವೆಯನ್ನೂ ಮೇಲೆ ಸೇರಿಸಿದಳು. ಸರಳೇ ಶಾಫ್ಟು. ಅದು ಇಂಜಿನ್ನಿನಿಂದ ಹೊರಟು ಹಡಗಿನ ಹೊಟ್ಟೆ ತೂರಿ ನೀರಿನೊಳಗೆ ಹೋಗಬೇಕು, ತುದಿಗೆ ನೀರು ತಳ್ಳುವ ಪಂಕ ಇರಬೇಕು. ತೂರಿದ ಕಡೆ ನೀರು ಒಳಗೆ ಬರಬಾರದೆಂದು ಸರಳು ಕೊಳವೆಯೊಳಗೆ ತಿರುಗಬೇಕು, ಕೊಳವೆಯ ತುಂಬ ಗ್ರೀಸು ಇರಬೇಕು.

ಮಿಲ್ಲಿನಲ್ಲಿ ಶಾಫ್ಟು ಕೂರಿಸುವಾಗ ಈ ತುದಿಯಿಂದ ಆ ತುದಿಗೆ ದಾರ ಎಳೆದು ನೇರ ನೋಡುವುದು ಅಪ್ಪನ ಪದ್ಧತಿ. ನೋಡಿದ, ನನ್ನ ದಾರದಿಂದಲೇ. ಒಬ್ಬ ಮದುಮಗಳ ಕುಬುಸಕ್ಕೆಂದು ಹುಡುಕಿ ತಂದಿದ್ದ ಗಿಳಿಹಸಿರು ದಾರ ಅದು. ಕೊಳವೆಯಲ್ಲಿ ತೂರಿಸಿ ಇಂಜಿನ್ನಿನ ನಡುವಿಗೆ ಹಿಡಿದರೆ ದಾರ ಸೊಟ್ಟ. ಇಂಜಿನ್ನು ಎತ್ತರ, ಅದನ್ನು ಕೆಳಗೆ ಇಳಿಸಿದರೆ ತಗಡಿಗೆ ತಾಗುತ್ತದೆ, ಶಾಫ್ಟನ್ನು ಮೇಲೆ ಎತ್ತಿದರೆ ಪಂಕ ನೀರಿನ ಹೊರಗೆ. ಅಪ್ಪ ಹಡಗಿನ ಮುಂದೆ ಮಂಡಿ ಹಾಕಿ, ಒಂದು ಕಣ್ಣು ಮುಚ್ಚಿ, ಊಟಕ್ಕೆ ಕರೆದರೂ ಏಳದೆ ಕೂತ. ಕೊನೆಗೆ ಎದ್ದು ನನ್ನ ಅಂಗಡಿಗೆ ಬಂದ. ನಾನು ಗಿರಾಕಿಗೆ ಅಳತೆ ತೆಗೆಯುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ನನ್ನ ಹೊಲಿಗೆ ಮಷಿನ್ನಿನ ಬೆಲ್ಟು ಇರಲಿಲ್ಲ.

"ಯಪ್ಪಾ, ದೀಪಾವಳಿ ಬಂತು, ಹೊಲಿಯೋ ಬಟ್ಟಿ ಗುಡ್ಡೆ ಬಿದ್ದಾವ. ನನ್ನ ಹೊಟ್ಟಿ ಮ್ಯಾಲ ಯಾಕ ಹೊಡಿತೀ?"

"ಕೂಸು ನಿನ್ನ ಸೋದರ ಸೊಸಿ ಹೌದಲ್ಲೋ? ಒಂದು ಬೆಲ್ಟ್ ಕೊಡಾಕ ಆಗಂಗಿಲ್ಲೇನು?"

ಹೀಗೆ ಇಂಜಿನ್ನು ಮೇಲೆ, ಶಾಫ್ಟು ಕೆಳಗೆ, ನಡುವೆ ನನ್ನ ಬೆಲ್ಟು. ಅಪ್ಪನಿಗೆ ಜೀವ ಬಂದಂತಾಯಿತು, ಬೆಲ್ಟು ಬಂದ ಮೇಲೆ ಅದು ಅವನ ಊರು. ಇಂಜಿನ್ನು ಯಾವ ಕಡೆ ತಿರುಗುತ್ತದೆಂದು ನೋಡಿ, ಹಿತ್ತಾಳೆ ತಗಡಿನಿಂದ ಪಂಕದ ಎಲೆಗಳನ್ನು ಕತ್ತರಿಸಿ, ಅದಕ್ಕೆ ತಕ್ಕಂತೆ ತಿರುಚಿ ಬೆಸೆದ. ಅಂಗಳದ ಗಚ್ಚಿನ ತೊಟ್ಟಿಗೆ ಹಡಗು ಇಳಿಸಿ, ಓಡಿಹೋಗದಂತೆ ಕಟ್ಟಿ, ಇಂಜಿನ್ನಿನ ಹಗ್ಗ ಎಳೆದು ಚಾಲೂ ಮಾಡಿದ. ಹಡಗು ಮುಂದಕ್ಕೆ ಜಗ್ಗಿದ್ದು ಖರೆ. ನಾನೂ ಸಿಟ್ಟು ಮರೆತು ಚಪ್ಪಾಳೆ ತಟ್ಟಿದೆ. ಆಮೇಲೆ ನೀರು ಸಿಡಿದು ಬೆಲ್ಟು ತೊಯ್ದು, ಜಾರಿ, ಕಿರ್ರೆಂದು ಕೂಗಿ, ಸುಟ್ಟ ವಾಸನೆ ಬಂತು. ಮತ್ತೆ ಮತ್ತೆ ಒರೆಸಿ ಹಾಕಿದರೂ ಅದೇ ಕಥೆ. ಬೆಲ್ಟೂ ಹೋಯಿತು, ದೀಪಾವಳಿಯ ಗಿರಾಕಿಗಳೂ ಹೋದರು.

ಗುಲ್ಫಶಾ ಬಂದು ನೋಡಿ ನಕ್ಕಳು. "ಚಾಚಾ, ಬೆಲ್ಟಿನ ಆಶಿ ಬಿಡ್ರಿ ಇನ್ನ. ನೀರಾಗ ಹಲ್ಲಿನ ಗಾಲಿ ಬೇಕು, ಅದು ಜಾರಂಗಿಲ್ಲ." ಹಳೆಯ ಡ್ರಿಲ್ ಮಷಿನ್ ಒಡೆದು ಒಂದು ಜೋಡಿ ಹಲ್ಲಿನ ಗಾಲಿ ತೆಗೆದುಕೊಟ್ಟಳು. ಒಂದು ಇಂಜಿನ್ನಿಗೆ, ಒಂದು ಶಾಫ್ಟಿಗೆ, ಹಲ್ಲಿಗೆ ಹಲ್ಲು ಕಚ್ಚಿಸಿ ಕೂರಿಸುವುದರಲ್ಲಿ ಅಪ್ಪನಿಗೆ ತೊಟ್ಟಿಲ ಕಾರ್ಯದ ಹಿಂದಿನ ಹಿಂದಿನ ದಿನ ಸಂಜೆಯಾಯಿತು. ಒಮ್ಮೆ ತೊಟ್ಟಿಯಲ್ಲಿ ಇಳಿಸಿ ನೋಡು ಎಂದೆ. ನಾಳೆ ನೋಡಿದರಾಯಿತು ಎಂದ.

ದೀಪಾವಳಿ ಕಳೆದ ಮುಂದಿನ ಅಮಾವಾಸ್ಯೆ ನಾಳೆ. ಮಿಲ್ಲಿನಲ್ಲಿ ಅಮಾವಾಸ್ಯೆಯ ದಿನ ಯಂತ್ರ ಓಡಿಸುವುದಿಲ್ಲ, ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ವಿಶ್ರಾಂತಿ ಕೊಡುತ್ತಾರೆ. ಅಪ್ಪನಿಗೆ ಇದು ಬೆಳಗ್ಗೆ ಸ್ನಾನ ಮಾಡಿದ ಮೇಲೆ ನೆನಪಾಯಿತು. ಹಡಗಿಗೆ ವಿಭೂತಿ ಬಳಿದ, ಪಂಕಕ್ಕೆ ಹೂ ಏರಿಸಿದ, ಇಂಜಿನ್ನಿನ ಹಗ್ಗ ಮುಟ್ಟಲು ಮಾತ್ರ ಒಪ್ಪಲಿಲ್ಲ. "ಇವತ್ತ ಎಬ್ಬಿಸಿದ್ರ ನಾಳಿ ಮುನಿಸಿಕೊಳ್ತದ" ಎಂದ. ಕಳೆ ಕತ್ತರಿಸುವ ಇಂಜಿನ್ನಿಗೆ ಮುನಿಸು ಬರುತ್ತದೆ ಎನ್ನುವವನ ಜೊತೆ ಏನು ವಾದ ಮಾಡುವುದು. ಬಿಟ್ಟೆ.

ಮರುದಿನ ಮೊದಲ ಬಸ್ಸಿಗೆ ಹೊರಟೆವು. ಉದಯ ಹಿಂದಿನ ದಿನವೇ ಹೋಗಿದ್ದ, ಹೀಗಾಗಿ ಹಡಗು ಹೊರುವ ಭಾಗ್ಯ ನನ್ನದು. ಕಂಡಕ್ಟರ್ ಬಂದವನು ಹಡಗನ್ನು ಮುಟ್ಟಿ ನೋಡಿ, "ಕೂಲರಿಗೆ ಲಗೇಜ್ ಟಿಕೆಟ್ ತಗೋಬೇಕ್ರಿ" ಎಂದ.

"ಇದು ಕೂಲರ್ ಅಲ್ಲ, ಹಡಗು" ಎಂದ ಅಪ್ಪ.

"ಹಡಗಿಗೆ ನಮ್ಮಲ್ಲಿ ರೇಟಿಲ್ರಿ ಅಯ್ನೋರ. ಕೂಲರಿಗೆ ಅದ. ಕೂಲರ್ ಅಂತನ ಕೊಡ್ತೀನಿ ಬಿಡ್ರಿ."

ಅಪ್ಪ ಮಸರಕಲ್ ಬರುವ ತನಕ ಆ ಟಿಕೆಟನ್ನು ಅವಮಾನದಿಂದ ನೋಡುತ್ತಿದ್ದ. ಅವ್ವ ಮುಸುಕಿನೊಳಗೆ ನಗುತ್ತಿದ್ದಳು.

ಕೆರೆಯ ದಂಡೆಯ ಮೇಲೆ ಅರ್ಧ ಊರು ನೆರೆದಿತ್ತು. ಅಂಬರಯ್ಯನವರು ತಲೆಗೆ ಹೊಸ ಟವೆಲ್ ಸುತ್ತಿ, ತಾವೇ ಮದುಮಗನಂತೆ ನಿಂತಿದ್ದರು. ಕೆರೆಯ ಬಾಲ ಸಣ್ಣಗಾಗುವ ಕಡೆ ಈ ದಂಡೆಯಿಂದ ಆಚೆಯ ಬಟ್ಟೆ ಒಗೆಯುವ ಮೆಟ್ಟಿಲಿಗೆ ಹಡಗು ತಲುಪಬೇಕೆಂದು ಗೊತ್ತಾಯಿತು. ಆಚೆ ದಂಡೆಗೆ ಉದಯನನ್ನು ಹಿಡಿಯಲು ಕಳಿಸಿದರು. ಅಪ್ಪ ಧೋತರ ಮೇಲೆ ಕಟ್ಟಿ, ಮೊಣಕಾಲು ನೀರಿಗೆ ಇಳಿದ. ನೀರಿಗೆ ಅಂಜುವ ಮನುಷ್ಯ ಇಳಿದದ್ದು ನೋಡಿ ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹಡಗಿನ ಮೂತಿಯನ್ನು ಆಚೆಯ ಮೆಟ್ಟಿಲಿಗೆ ನೇರ ಹಿಡಿದ, ಹಗ್ಗ ಎಳೆದ, ಇಂಜಿನ್ ಗುರ್ರೆಂದಿತು. ಸಾಂಬ ಎಂದು ಕೈ ಬಿಟ್ಟ.

ಹಡಗು ಹಿಂದಕ್ಕೆ ಬಂತು. ಅಪ್ಪನ ಮೊಣಕಾಲಿಗೆ ಗುದ್ದಿ, ಧೋತರದ ಚುಂಗು ಪಂಕಕ್ಕೆ ಸಿಕ್ಕಿಸಿಕೊಂಡು, ಅವನನ್ನು ಕೆಸರಿನಲ್ಲಿ ಕೂರಿಸಿತು. ದಂಡೆಯ ಮೇಲೆ ಎದ್ದ ನಗು ಊರಿನ ಆ ತುದಿಗೂ ಕೇಳಿರಬೇಕು.

ಅಂಬರಯ್ಯ ಹೊಟ್ಟೆ ಹಿಡಿದುಕೊಂಡು, "ಬೀಗರ, ನಿಮ್ಮ ಹಡಗಿಗೆ ತವರುಮನಿ ಬಿಟ್ಟು ಹೋಗಾಕ ಮನಸಿಲ್ರಿ. ಉಡಿ ತುಂಬಿ ಕಳಿಸಬೇಕಿತ್ತು" ಎಂದರು.

ನಾನು ಓಡಿಹೋಗಿ ಇಂಜಿನ್ ಬಂದ್ ಮಾಡಿ, ಧೋತರ ಬಿಡಿಸಿದೆ. ಅಪ್ಪ ಎದ್ದು ನಿಂತು, ಹಲ್ಲಿನ ಗಾಲಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ನೋಡಿದ. ಮುಖ ಇಳಿಯಿತು. "ಥೂ ನನ್ನ" ಎಂದು ನನಗಷ್ಟೇ ಕೇಳುವಂತೆ ಹೇಳಿದ. "ಬೆಲ್ಟ್ ಹಾಕಿದ್ರ ಎರಡೂ ಒಂದ ಕಡಿ ತಿರುಗ್ತಾವ. ಹಲ್ಲಿನ ಗಾಲಿ ಒಂದು ಇತ್ಲಾಗ ತಿರುಗಿದ್ರ ಇನ್ನೊಂದು ಅತ್ಲಾಗ. ಪಂಕ ನಾ ಬೆಲ್ಟಿನ ಲೆಕ್ಕಕ್ಕ ತಿರುಚೀನಿ."

"ತಿರುವಿ ಹಾಕು."

"ಹ್ಯಾಂಗ ತಿರುವಿ ಹಾಕಿದ್ರೂ ಎಲಿ ತಿರುಚಿದ್ದು ಹಂಗ ಇರ್ತದ. ಹೊಸಾದು ಮಾಡಬೇಕು."

ದಂಡೆಯ ಮೇಲಿಂದ ಯಾರೋ ಇಶಾನ್ವಿ, ಇಶಾನ್ವಿ ಎಂದು ಕೂಗತೊಡಗಿದರು. ಅಪ್ಪ ಅತ್ತ ನೋಡಿದ, ಇತ್ತ ನೋಡಿದ. ಅವನ ಕಣ್ಣಲ್ಲಿ ನೀರು ಬಂತೆಂದೇ ನಾನು ತಿಳಿದೆ. ಆದರೆ ಅವನು ಹಡಗನ್ನು ಎತ್ತಿ, ಮೂತಿ ನಮ್ಮ ಕಡೆಗೆ, ಅಂಡು ಆಚೆಯ ದಂಡೆಗೆ ಬರುವಂತೆ ತಿರುಗಿಸಿ ಇಟ್ಟ. ಮತ್ತೆ ಹಗ್ಗ ಎಳೆದ. ಹಡಗು ನಮ್ಮನ್ನೇ ನೋಡುತ್ತ, ಹಿಂದುಹಿಂದಕ್ಕೆ, ಸೊಟ್ಟಸೊಟ್ಟಗೆ, ಕೆರೆಯ ಆಚೆಗೆ ಹೊರಟಿತು.

ನಗು ನಿಂತು ಎಲ್ಲರೂ ದಂಡೆಯ ಅಂಚಿಗೆ ಬಂದರು. ಅಗಲವಾದ ಹಿಂಭಾಗ ನೀರು ತಳ್ಳುತ್ತ ಒಳಗೂ ತುಂಬಿಕೊಳ್ಳುತ್ತಿತ್ತು. ನಡು ದಾಟಿತು. ಅಪ್ಪ ಬಾಯಲ್ಲಿ ತನ್ನ ಅವ್ವನ ಹೆಸರು ಗುನುಗುತ್ತಿದ್ದ. ಮೆಟ್ಟಿಲಿಗೆ ಕೈಯಳತೆ ಇದೆ ಎನ್ನುವಾಗ ಇಂಜಿನ್ ಕೆಮ್ಮಿತು, ಹಡಗು ಒಮ್ಮೆ ಮೂತಿ ಎತ್ತಿ ನಮಗೆ ನಮಸ್ಕಾರ ಮಾಡಿ ಮುಳುಗಿತು. ಉದಯ ಧುಮುಕಿ ಎತ್ತಿ ಹಿಡಿದ. ಅಲ್ಲಿ ನೀರು ಅವನ ಮೊಣಕಾಲವರೆಗೂ ಇರಲಿಲ್ಲ.

"ಮುಳುಗಿತು" ಎಂದರು ಅಂಬರಯ್ಯ.

"ಆ ದಂಡಿಗೆ ಮುಳುಗಿತು" ಎಂದ ಅಪ್ಪ.

"ಬೆನ್ನು ಮುಂದ ಮಾಡಿ ಹೋತಲ್ರಿ."

"ಗುಡಿಯಿಂದ ಹೊರಗ ಬರುವಾಗ ದೇವರಿಗೆ ಬೆನ್ನು ತೋರಸ್ತೀರೇನು? ಹಂಗ ಬೀಗರಿಗೆ ಬೆನ್ನು ತೋರಸಬಾರದಂತ ಮರ್ಯಾದಿಲೇ ಹೋತು. ದಾಟಬೇಕು ಅಂದಿದ್ರಿ, ಮಾರಿ ಯಾವ ಕಡಿ ಇರಬೇಕು ಅಂತ ನೀವೇನು ಹೇಳಿರಲಿಲ್ಲ."

ಊರ ಹಿರಿಯರು ಸೇರಿದರು. ಅರ್ಧ ಜನ ದಾಟಿತು ಎಂದರು, ಅರ್ಧ ಜನ ಮುಳುಗಿತು ಎಂದರು. ಅಂಬರಯ್ಯನವರ ಮನೆಯ ಕಟ್ಟೆಯ ಮೇಲೆ ಜಗಳ ಕುದಿಯುತ್ತಿದ್ದಂತೆ ಒಳಗೆ ಹೋಳಿಗೆ ತಣ್ಣಗಾಗುತ್ತಿದ್ದವು, ತೊಟ್ಟಿಲ ಮುಹೂರ್ತ ಹತ್ತಿರವಾಗುತ್ತಿತ್ತು. ಕೊನೆಗೆ ಒಬ್ಬ ಮುದುಕರು, "ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ. ಆಕಿ ಏನು ಹೇಳ್ತಾಳೋ ಅದ ಹೆಸರು. ನೀವಿಬ್ರೂ ಸುಮ್ನ ಕುಂದರ್ರಿ" ಎಂದುಬಿಟ್ಟರು. ಸೋದರತ್ತೆ ಎಂದರೆ ನಾನು. ಇಬ್ಬರು ಬೀಗರೂ ಒಟ್ಟಿಗೆ ನನ್ನ ಕಡೆ ತಿರುಗಿ, ಹುಟ್ಟಿದಾಗಿಂದ ನನ್ನನ್ನು ಪ್ರೀತಿಸಿದವರ ಹಾಗೆ ನಕ್ಕರು.

ನನ್ನ ಮನಸ್ಸು ಹೇಳಬೇಕೆಂದರೆ, ನಾನು ಇಶಾನ್ವಿ ಎನ್ನುವವಳಿದ್ದೆ. ಅಪ್ಪನ ಮೇಲಿನ ಸಿಟ್ಟಿನಿಂದಲ್ಲ, ಅವ್ವನ ಸಲುವಾಗಿ. ನಮ್ಮಜ್ಜಿ ಗುರುಶಾಂತಮ್ಮ ಅಪ್ಪನಿಗೆ ದೇವರು, ಅವ್ವನಿಗೆ ಅತ್ತೆ. ಅಡುಗೆಮನೆಯ ಕೀಲಿ ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದವಳು. ಪಂಚಮಿ ಹಬ್ಬಕ್ಕೆ ಅವ್ವನ ಅಣ್ಣ ಅವಳ ತವರೂರು, ಮಾನ್ವಿ ಕಡೆಯ ಕುರ್ಡಿಯಿಂದ ಕರೆಯಲು ಬಂದರೆ, ಮನೆಗೆಲಸ ಯಾರು ಮಾಡುತ್ತಾರೆ ಎಂದು ಬಾಗಿಲಿಂದಲೇ ತಿರುಗಿಸಿ ಕಳಿಸುತ್ತಿದ್ದಳು. ಒಂದು ವರ್ಷವಲ್ಲ, ಪ್ರತಿ ವರ್ಷ. ಅಜ್ಜಿ ಸತ್ತ ಮೇಲೂ ಅವ್ವನಿಗೆ ತವರಿಗೆ ಹೋಗುವ ರೂಢಿ ತಪ್ಪಿಹೋಗಿತ್ತು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು ನೋಡಿ, ಅವ್ವ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿದವಳಲ್ಲ. ಆ ಹೆಸರನ್ನು ಮತ್ತೆ ಮನೆಗೆ ತಂದು ಅವಳ ತೊಡೆಯ ಮೇಲೆ ಮಲಗಿಸುವುದು ನನಗೆ ಬೇಡವಾಗಿತ್ತು.

ಅಡುಗೆಮನೆಗೆ ಹೋಗಿ ಅವ್ವನಿಗೆ ಹೇಳಿದೆ. "ಯವ್ವಾ, ನೀ ಏನೂ ಕಾಳಜಿ ಮಾಡಬ್ಯಾಡ. ಮುದುಕಿ ಹೆಸರು ನಾ ಇಡಂಗಿಲ್ಲ."

ಅವ್ವ ಹೋಳಿಗೆಯ ತಾಟು ಕೆಳಗಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿ, ನನ್ನ ರಟ್ಟೆ ಚಿವುಟಿದಳು. "ಹುಚ್ಚಿ. ನಿಮ್ಮಪ್ಪ ಹೇಳಿದ ಹೆಸರ ಇಡು. ನನಗ ಅದರ ಕೆಲಸ ಅದ."

ಏನು ಕೆಲಸ ಎಂದು ಕೇಳುವಷ್ಟರಲ್ಲಿ ಹೊರಗೆ ಕರೆದರು. ಕೂಸನ್ನು ತೊಟ್ಟಿಲಿಗೆ ಹಾಕಿದ್ದರು. ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಕುರ್ರ್ ಎಂದು ಕೂಗುತ್ತ ಅವಳ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ಮಸರಕಲ್ಲಿನವರು ಇಶಾನ್ವಿ ಎನ್ನು ಎಂದು ಗುದ್ದಿದರು, ನಮ್ಮ ಕಡೆಯವರು ಅದಕ್ಕೆ ಉತ್ತರವಾಗಿ ಗುದ್ದಿದರು. ಎರಡೂ ಕಡೆಯ ಗುದ್ದು ನನ್ನ ಬೆನ್ನಿಗೇ. ಕಾವ್ಯಾ ಕೂಡ ತನ್ನ ಪಾಲಿನದು ಹಾಕಿದಳು, ಯಾವ ಹೆಸರಿಗೆಂದು ಹೇಳಲಿಲ್ಲ. ನಾನು ಉಸಿರು ಹಿಡಿದು, ಕೂಸಿನ ಕಿವಿಗೆ ಬಾಯಿಟ್ಟು, ಗುರುಶಾಂತಮ್ಮ ಎಂದೆ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದೆ.

ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಂಬರಯ್ಯನವರು ಒಂದಿಷ್ಟು ಗೊಣಗಿ, ಆಮೇಲೆ ಬೀಗರ ಬಾಯಿಗೆ ಸಕ್ಕರೆ ಹಾಕಿ, ಅದರ ಜೊತೆ ಒಂದು ಹಸಿಮೆಣಸಿನಕಾಯಿಯನ್ನೂ ತುರುಕಿದರು. ಅಪ್ಪನ ಅಳು ಯಾವುದಕ್ಕೆಂದು ಆಮೇಲೆ ಯಾರಿಗೂ ಗೊತ್ತಾಗಲಿಲ್ಲ.

ಆಗ ಅವ್ವ ಅಡುಗೆಮನೆಯಿಂದ ಬಂದಳು. ಕೈ ಒರೆಸಿಕೊಂಡು, ಕೂಸನ್ನು ತೊಟ್ಟಿಲಿಂದ ಎತ್ತಿ, ಮುಖಕ್ಕೆ ಮುಖ ಹಿಡಿದಳು.

"ಗುರುಶಾಂತಾ" ಎಂದಳು.

ಅವ್ವನ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಟವೆಲ್ ಕೆಳಗಿಳಿಸಿ ನೋಡಿದ.

"ಏನ ಗುರುಶಾಂತಾ, ಕೇಳಾಕತ್ತೀ ಇಲ್ಲೋ? ಇನ್ನ ಮ್ಯಾಲ ನಾ ಉಣ್ಣು ಅಂದಾಗ ಉಣ್ಣಬೇಕು. ಮಲಗು ಅಂದಾಗ ಮಲಗಬೇಕು. ಬರೋ ಪಂಚಮಿಗೆ ನಾ ಕುರ್ಡಿಗೆ ಹೊಂಟೀನಿ. ನಿನ್ನ ಕೇಳಾಕತ್ತಿಲ್ಲ, ಹೇಳಾಕತ್ತೀನಿ."

ಕೂಸು ಅವ್ವನನ್ನು ನೋಡಿ ದೊಡ್ಡದಾಗಿ ಆಕಳಿಸಿತು.

"ಹ್ಞೂಂ ಅಂದ್ಲು" ಎಂದು ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡಳು.